ಅಪ್‌ಡೇಟ್ ಒತ್ತಬೇಡಿ, ಅಮಿತಾ!

"ನನ್ ಮೋರೆ ಕಂಡ್ರೆ ಹಳೆ ಸಾಮಾನ್ ತಕಂಬವ್ಳ್ ಹಾಂಗೆ ಕಾಂತಾ ನಿಮ್ಗೆ?"

ತಲ್ಲೂರಿನ ಹೆದ್ದಾರಿ ಬದಿಯ ಆ ರಿಪೇರಿ ಅಂಗಡಿಗೆ ಅಮಿತಾ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಅವಳು ಕೇಳಿದ್ದು ಹೊಚ್ಚ ಹೊಸ ಗೇಮ್ ಕನ್ಸೋಲ್. ಕೌಂಟರಿನ ಹಿಂದಿದ್ದ ರತೀಶ್ ಮುಂದಿಟ್ಟಿದ್ದು ಯಾರೋ ಆಡಿ ಬಿಟ್ಟ, ಮೂಲೆ ಸವೆದ, ಕೈಯಲ್ಲಿ ಹಿಡಿದು ಆಡುವ ಹಳೆಯದೊಂದು!

"ಹಾಂಗಲ್ಲ ಮಾರಾಯ್ರೆ… ಹಳೆ ಕಾಲದ್ ಆಟ ಆಡುಕೆ ಅಂದ್ರಿ. ಅದಕ್ಕೆ ಇದೇ ಲಾಯ್ಕ್."

"ಹೊಸ್ತ್ ತಕಂಬುಕೆ ನನ್ ಕೈಯಲ್ಲಿ ಆತಿಲ್ಲೆ ಅಂತ ನೀವೇ ತೀರ್ಮಾನ ಮಾಡ್ದ್ರಿ. ಆಯ್ತ್, ಬತ್ತೆ!"

ವ್ಯಾನಿಟಿ ಬ್ಯಾಗನ್ನು ಹೆಗಲಿಗೇರಿಸಿ ದಡದಡನೆ ಹೊರಬಿದ್ದಳು. ಆದರೆ ಸಿಟ್ಟು ಮಾಡಿಕೊಂಡು ಹೊರಟವರಿಗೆ ಕೂಡಲೇ ಬಸ್ಸು ಸಿಕ್ಕಿಬಿಟ್ಟರೆ ಲೋಕದಲ್ಲಿ ಅರ್ಧಕ್ಕರ್ಧ ಪ್ರೀತಿ ಹುಟ್ಟುವುದೇ ಇಲ್ಲ. ಮೇ ತಿಂಗಳ ಸುಡುಬಿಸಿಲು. ಗಂಗೊಳ್ಳಿ ಬಸ್ಸಿನ ಸುಳಿವೇ ಇಲ್ಲ.

ಹಿಂದಿನಿಂದ ಮೆಲ್ಲಗೆ ಒಂದು ದನಿ.

"ಹ್ವಾಯ್… ಬಿಸ್ಲಿಗೆ ನಿಲ್ಬೇಡಿ. ನೆರಳಿಗೆ ಕೂಕಣಿ. ಸಿಟ್ಟ್ ಬೇಕಾರೆ ಅಲ್ಲಿ ಕೂಕಂಡೇ ಮಾಡ್ಲಕ್ಕ್."

ರತೀಶ್ ಸ್ಟೂಲ್ ಹಿಡಿದು ನಿಂತಿದ್ದ. ಅಮಿತಾಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು! ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನು, ಪರಿಚಯವೇ ಇಲ್ಲದ ಆ ಹುಡುಗನ ಮುಂದೆ ಹೇಳಿಬಿಟ್ಟಳು.

ಅವಳ ಅಪ್ಪಯ್ಯ ಸುಬ್ಬ, ಗಂಗೊಳ್ಳಿಯಲ್ಲಿ ಹೆಸರುವಾಸಿ ತಾಂಡೇಲ. ದೋಣಿ ನಡೆಸುವ ಯಜಮಾನ. ಎಂಥ ತೂಫಾನಿನಲ್ಲೂ ಆಳುಗಳನ್ನು ದಡ ಮುಟ್ಟಿಸಿದವರು. ಆದರೆ ಒಂದು ಸ್ಟ್ರೋಕ್ ಅವರ ಬಲಗೈಯನ್ನೂ ಮಾತನ್ನೂ ಕಸಿದುಕೊಂಡಿತ್ತು. ಉಳಿದದ್ದು ಬೆರಳೆಣಿಕೆಯ ಮಾತು. ಅದರಲ್ಲಿ ಸ್ಪಷ್ಟವಾಗಿ ಬರುತ್ತಿದ್ದುದು 'ಅಕ್ಕ್' ಒಂದೇ. ಕುಂದಾಪುರದವರು ಒಪ್ಪಿಗೆಗೆ ಹೇಳುವ ಪುಟ್ಟ ಮಾತು. ಬೆರಳಿನ ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಅವರು ಕಿಟಕಿಯಿಂದ ಆಚೆ ಎಸೆದಿದ್ದರು.

"ನಾ ಸಣ್ಣದಿಪ್ಪೊತ್ತಿಗೆ ಮಳೆಗಾಲ ಬಂದ್ ದೋಣಿ ದಡಕ್ಕೆ ಹಾಕ್ರೆ, ನಾನೂ ಅಪ್ಪಯ್ಯನೂ ಟಿವಿಯಲ್ಲಿ ವಿಡಿಯೋ ಗೇಮ್ ಆಡ್ತಿತ್ತ್. ಆ ಆಟದ್ ಹಳ್ದಿ ಕ್ಯಾಸೆಟ್ ಇನ್ನೂ ಪೆಟ್ಟಿಗೆಯಲ್ಲಿ ಇತ್ತ್. ಅದೇ ಆಟ ಕೊಟ್ರೆ ಬೆರಳ್ ಆಡ್ಸ್ತ್ರೇನೋ ಅಂತ…"

ರತೀಶ್ ಅಂಗಡಿಯೊಳಗೆ ಹೋಗಿ ಆ ಸವೆದ ಕನ್ಸೋಲನ್ನೇ ತಂದು ಅವಳ ಕೈಗಿಟ್ಟ.

"ಹೊಸ್ತಕ್ಕೆ ಕಂಪೆನಿ ಬೀಗ ಹಾಕಿರ್ತ್. ಅವ್ರ್ ಕೊಟ್ಟದ್ದೇ ಆಡ್ಕ್. ಇದ್ ಹಾಂಗಲ್ಲ. ನಾ ಇದ್ರ ಬೀಗ ತೆಗ್ದಿದೆ. ಹಳೆ ಮಿಷನ್ನಿನ ವೇಷ ಹಾಕಿ ನಿಮ್ ಹಳ್ದಿ ಕ್ಯಾಸೆಟ್ಟಿನ ಆಟನೂ ಆಡ್ಸ್ತ್, ನಾವ್ ಮನೆಯಲ್ಲೇ ಬರ್ದ ಆಟನೂ ಆಡ್ಸ್ತ್. ನಿಮ್ ಅಪ್ಪಯ್ಯನ ಬಲ ಹೆಬ್ಬೆರಳಿಗೆ ಕೆಲ್ಸ ಕೊಡ್ಕಲ್ದಾ? ಅದಕ್ಕೆ ತಕ್ಕ ಆಟ ನಾ ಬರೀತೆ. ಒಂದೇ ಮಾತ್… ಇದ್ನ ಅಪ್‌ಡೇಟ್ ಮಾಡುಕಾಗ. ಮಾಡ್ರೆ ಬೀಗ ಮತ್ತೆ ಬೀಳತ್ತ್."

ಕನ್ಸೋಲಿನ ಬೆನ್ನಿಗೆ 'ಅಪ್‌ಡೇಟ್ ಬೇಡ' ಎಂದು ಬರೆದ ಚೀಟಿಯನ್ನೂ ಅಂಟಿಸಿ ಕೊಟ್ಟ. ಅಂಥದ್ದೇ ಇನ್ನೊಂದನ್ನು ಅವನು ಆಟ ಬರೆಯಲೆಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದ.

'ನನಗೆ ಹೊಸದು ಕೊಳ್ಳಲು ಆಗದು ಅಂತಲ್ಲ… ಅಪ್ಪಯ್ಯನಿಗೆ ಯಾವುದು ಬೇಕು ಅಂತ ನೋಡಿದ!' ಬಸ್ಸಿನಲ್ಲಿ ಕೂತ ಅಮಿತಾಳ ಕೆನ್ನೆ ಬಿಸಿಲಿಲ್ಲದೆಯೂ ಬಿಸಿಯಾಗಿತ್ತು.

ಹಳದಿ ಕ್ಯಾಸೆಟ್ಟಿನ ಆಟ ಕಂಡು ಅಪ್ಪಯ್ಯ ಮೂರು ತಿಂಗಳ ನಂತರ ಮೊದಲ ಬಾರಿ ನಕ್ಕರು. ಹದಿನೈದು ದಿನಕ್ಕೆ ರತೀಶ್ ತಾನೇ ಬರೆದ ಆಟ ಹಿಡಿದು ಮನೆಗೆ ಬಂದ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆ ತಪ್ಪಿಸಿ ದೋಣಿ ದಾಟಿಸುವ ಆಟ. ಬಲ ಹೆಬ್ಬೆರಳಿನಿಂದ ಬಟನ್ ಒತ್ತಿದರಷ್ಟೇ ದೋಣಿ ಮುಂದೆ ಹೋಗುತ್ತದೆ.

ಸುಬ್ಬ ತಾಂಡೇಲರು ಎರಡು ನಿಮಿಷ ನೋಡಿ, ಕನ್ಸೋಲನ್ನು ಚಾಪೆಯ ಮೇಲೆ ಕುಕ್ಕಿದರು.

"ಸುಳ್ಳ್!"

ಅಮಿತಾಳ ಜೀವ ಬಾಯಿಗೆ ಬಂತು. ಪಾಪ, ರಾತ್ರಿ ಹಗಲು ಕೂತು ಬರೆದವನು! ಆದರೆ ರತೀಶ್ ಬೇಸರಿಸಲಿಲ್ಲ. ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ.

"ಮತ್ತೆ ಹ್ಯಾಂಗೆ ತಾಂಡೇಲ್ರೆ? ನಂಗೆ ಗೊತ್ತಿಲ್ಲೆ. ನೀವೇ ಕಲ್ಸಿ."

ಅಪ್ಪಯ್ಯ ಎಡಗೈಯ ಮೂರು ಬೆರಳೆತ್ತಿದರು. ಮೂರು ದೊಡ್ಡ ಅಲೆ. ಆಮೇಲೆ ಅಂಗೈಯನ್ನು ನೆಲಕ್ಕೆ ಸಮನಾಗಿ ಸವರಿದರು. ನೀರು ಒಂದು ಗಳಿಗೆ ತಣ್ಣಗಾಗುತ್ತದೆ. ಆಗ ಕೈಯನ್ನು ಮುಂದಕ್ಕೆ ನೂಕಿದರು. ಆಗಲೇ ದೋಣಿ ಬಿಡಬೇಕು!

"ಮೂರ್ ಅಲೆ ಬಿಟ್ಟ್ ಮತ್ತೆ ಹೊರಡ್ಕ್… ಅಲ್ದಾ?"

"ಅಕ್ಕ್!" ಅಪ್ಪಯ್ಯನ ಕಣ್ಣು ಮಿನುಗಿತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮಿತಾ ಚೂಡಿದಾರದ ವೇಲಿನಲ್ಲೇ ಕಣ್ಣೊರೆಸಿಕೊಂಡಳು. ಸ್ಟ್ರೋಕ್ ಆದಂದಿನಿಂದ ಮನೆಗೆ ಬಂದವರೆಲ್ಲ ಅಪ್ಪಯ್ಯನಿಗೆ ಧೈರ್ಯ ಹೇಳಿ ಹೋಗಿದ್ದರು. ಅವರಿಂದ ಕಲಿಯಲು ಕೂತವನು ಇವನೊಬ್ಬನೇ. 'ಇಂಥವನೂ ಇದ್ದಾನಾ…' ಅವಳ ಎದೆ ತುಂಬಿ ಬಂತು. ಒಲೆಯ ಮೇಲೆ ಬಂಗುಡೆ ಮೀನಿನ ಸಾರು ಕುದಿಯುತ್ತಿದ್ದದ್ದು ಅಮ್ಮ ಜಲಜ ಗದರಿದ ಮೇಲೆಯೇ ನೆನಪಾದದ್ದು.

ಮಳೆಗಾಲದ ಪ್ರತಿ ಭಾನುವಾರ ರತೀಶ್ ಬಂದ. ಅಲೆ ತಿದ್ದಿದ, ಗಾಳಿ ತಿದ್ದಿದ. ಅಪ್ಪಯ್ಯನ ಹೆಬ್ಬೆರಳು ಮೊದಲು ನಡುಗಿತು, ಆಮೇಲೆ ಬಾಗಿತು, ಆಮೇಲೆ ಒತ್ತಿತು. ಅಮಿತಾ ಮತ್ತು ರತೀಶ್ ಒಬ್ಬರಿಗೊಬ್ಬರು ಹೇಳಿದ್ದು ಮಾತ್ರ 'ಚಾ ಕುಡೀರಿ', 'ಬತ್ತೆ' ಇಷ್ಟೇ. ಹೇಳದೆ ಉಳಿದದ್ದು ಬಹಳ ಇತ್ತು.

ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮುಗಿದ ದಿನ, ರತೀಶ್ ಆಟದ ಕೊನೆಯ ಹಂತ ಹಾಕಿಕೊಟ್ಟ.

"ಇದ್ನ… ನೀವೇ ಆಡ್ಕ್," ಎಂದು ಅಮಿತಾಳಿಗೆ ಹೇಳಿ, ಚಾ ಕೂಡ ಕುಡಿಯದೆ ಓಡಿದ!

ಮರುದಿನ ಲ್ಯಾಬಿನಿಂದ ಬಂದ ಅಮಿತಾ ಕೈಕಾಲು ತೊಳೆದು ಕನ್ಸೋಲ್ ಹಿಡಿದಳು. ಬೆಳಗ್ಗೆಯಿಡೀ ಅಪ್ಪಯ್ಯ ಆಡಿದ್ದರು. ಅವಳದ್ದು ಕುಂದಾಪುರದಲ್ಲಿ ರಕ್ತ ಪರೀಕ್ಷೆಯ ಕೆಲಸ. ಕಂಡದ್ದನ್ನೆಲ್ಲ ಸ್ಪಿರಿಟ್ ಹಾಕಿ ಒರೆಸುವ ಅಭ್ಯಾಸ. ಕನ್ಸೋಲಿನ ಬೆನ್ನಿನ ಚೀಟಿ ಹಾಗೆ ಒರೆಸಿ ಒರೆಸಿಯೇ ಎಂದೋ ಎದ್ದು ಹೋಗಿತ್ತು, ಅದರ ಜೊತೆಗೆ ಆ ಎಚ್ಚರಿಕೆಯೂ ಮನಸ್ಸಿನಿಂದ ಜಾರಿತ್ತು. ಪರದೆಯ ಮೂಲೆಯಲ್ಲಿ ಅಪ್‌ಡೇಟಿನ ಕೆಂಪು ಚುಕ್ಕೆ. ಬಾಕಿ ಉಳಿದದ್ದನ್ನು ಕಂಡರೆ ಅವಳಿಗೆ ಸಮಾಧಾನವಿಲ್ಲ. ಫೋನಿನ ನೆಟ್ ಕೊಟ್ಟಳು, ಒತ್ತಿದಳು.

ಅಪ್‌ಡೇಟ್ ಮುಗಿಯಿತು. ರತೀಶನ ಆಟ ತೆರೆಯಲಿಲ್ಲ!

'ಅಯ್ಯೋ ದೇವರೇ… ಏನು ಮಾಡಿಬಿಟ್ಟೆ!' ಕೂಡಲೇ ರತೀಶನಿಗೆ ಫೋನ್ ಮಾಡಿದಳು.

"ಹ್ವಾಯ್… ಅದ್ ಅಪ್‌ಡೇಟ್ ಆಯ್ತ್. ನಾನೇ ಒತ್ತಿದ್ದ್."

ರತೀಶ್ ಮೆಲ್ಲಗೆ ಕೇಳಿದ. "ಕೊನೆ ಹಂತ… ಕಂಡ್ರ್ಯಾ?"

ಇಲ್ಲ ಎಂದರೆ ಅವನ ಮನಸ್ಸು ನೋಯುತ್ತದೆ. ಇಷ್ಟು ತಿಂಗಳ ಶ್ರಮವನ್ನು ನೋಡುವ ಮೊದಲೇ ಹಾಳು ಮಾಡಿದಳಲ್ಲ ಎಂದುಕೊಳ್ಳುತ್ತಾನೆ. ಹಾಗೆ ಯೋಚಿಸಿ ಒಂದು ಸಣ್ಣ ಸುಳ್ಳು ಹೇಳಿದಳು.

"ಹೌದ್, ಕಂಡೆ. ಲಾಯ್ಕಿತ್ತ್. ಅದಾದ್ ಮೇಲೇ ಅಪ್‌ಡೇಟ್ ಒತ್ತಿದ್ದ್."

"ಹೌದಾ…" ಅವನ ದನಿ ಪಾತಾಳಕ್ಕಿಳಿಯಿತು. "ಅಕ್ಕ್."

ಫೋನ್ ಕಟ್ಟಾಯಿತು.

ಮುಂದಿನ ಭಾನುವಾರ ರತೀಶ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಪ್ಪಯ್ಯನ ಹೆಬ್ಬೆರಳು ಮತ್ತೆ ಬಿಗಿಯತೊಡಗಿತು.

"ಎಂತ ಹೆಣೆ, ಆ ಗಂಡಿಗೆ ಎಂತ ಹೇಳ್ದೆ ನೀನ್?" ಜಲಜ ಮೀನಿನ ಬುಟ್ಟಿ ಇಳಿಸುತ್ತ ಕೇಳಿದಳು.

ಅಮಿತಾ ಅಪ್ಪಯ್ಯನ ಕಾಲ ಬಳಿ ಕುಸಿದು ಕೂತಳು. "ನನ್ನಿಂದ ಎಲ್ಲ ಹಾಳಾಯ್ತ್ ಅಪ್ಪಯ್ಯಾ… ಕೊನೆ ಹಂತ ನಾ ಕಾಣ್ಲೇ ಇಲ್ಲ. ಕಂಡೆ ಅಂತ ಅವ್ರ ಹತ್ರ ಸುಳ್ಳ್ ಹೇಳ್ದೆ."

ಅಪ್ಪಯ್ಯ ಬೆಚ್ಚಿ ಅವಳ ಮುಖ ನೋಡಿದರು. ತುಟಿ ಅದುರಿತು. ಒಂದೊಂದೇ ಮಾತು, ಕಷ್ಟಪಟ್ಟು ಹೊರಬಂತು.

"ದಡ… ಹೆಣ್ಣ್… ಕೊಡೆ ಹಿಡ್ಕಂಡ್…" ಅವರ ಬಲ ಹೆಬ್ಬೆರಳು ನಿಧಾನಕ್ಕೆ ಎದ್ದು ಅವಳತ್ತ ತಿರುಗಿತು. "ನೀನ್! ದೋಣಿ… ಕಟ್ಲಕ್ಕಾ… ಕೇಂಡ."

ಅಮಿತಾಳಿಗೆ ಥಟ್ಟನೆ ಹೊಳೆಯಿತು. ಅಂದು ಬೆಳಗ್ಗೆ ಅಪ್ಪಯ್ಯ ಕೊನೆಯ ಹಂತ ದಾಟಿದ್ದರು! ದಡಕ್ಕೆ ದೋಣಿ ಕಟ್ಟಬಹುದೇ ಎಂದು ರತೀಶ್ ಅವಳಿಗೆಂದು ಇಟ್ಟ ಮಾತನ್ನು ಅವರು ಓದಿದ್ದರು!

"ಎಂತಕ್ಕೆ ಹೇಳ್ಲಿಲ್ಲೆ ಅಪ್ಪಯ್ಯಾ?"

"ನಿಂಗೆ ಬರ್ದದ್ದ್… ನಾ… ಹೇಳುಕಾಗ."

ಈಗ ಎಲ್ಲ ಅರ್ಥವಾಯಿತು. ಅವನು ಪ್ರೀತಿ ಹೇಳಿಕೊಂಡಿದ್ದ. 'ಕಂಡೆ, ಅದಾದ ಮೇಲೇ ಒತ್ತಿದ್ದು' ಎಂದು ಇವಳು ಹೇಳಿದ್ದಳು. ಬೇಡವೆಂದೇ ಅಳಿಸಿದಳು ಅಂದುಕೊಳ್ಳದೆ ಅವನಾದರೂ ಇನ್ನೇನು ಮಾಡಿಯಾನು? ಒಳ್ಳೆಯದಕ್ಕೆ ಹೇಳಿದ ಸುಳ್ಳು ಹೀಗೆ ಕೊರಳು ಹಿಡಿಯುತ್ತದೆ ನೋಡಿ!

ತಲ್ಲೂರಿನ ಅಂಗಡಿಯಲ್ಲಿ ರತೀಶ್ ತಲೆ ಬಗ್ಗಿಸಿ ಯಾವುದೋ ಮೊಬೈಲ್ ಬಿಚ್ಚುತ್ತಿದ್ದ.

"ಕನ್ಸೋಲ್ ಬೇಕಿತ್ತ್."

ದನಿ ಕೇಳಿ ಅವನ ಕೈ ನಿಂತಿತು. ತಲೆ ಎತ್ತಲಿಲ್ಲ. "ಹೊಸ್ತಾ?"

"ಹಳೇದ್. ಅಪ್‌ಡೇಟ್ ಆಗದ್ದ್, ಬ್ಯಾಟ್ರಿ ಉಬ್ಬದ್ದ್, ಬಲಬದಿ ಬಟನ್ ಮೆತ್ತಗಿಪ್ಪದ್ದ್. ಆಚೆ ಕಪಾಟಿನಲ್ಲಿ ಇತ್ತಲೆ… ಅದ್."

"ಅದ್ ಮಾರುಕಲ್ಲ. ಆಟ ಬರೂಕೆ ಇಟ್ಕಂಡದ್ದ್. ನಂದ್."

"ಗೊತ್ತಿತ್ತ್. ನಂಗೆ ಅದೇ ಬೇಕ್." ಅವಳು ಕೌಂಟರಿನ ಹತ್ತಿರ ಬಂದಳು. "ಅವತ್ತ್ ನಾ ಸುಳ್ಳ್ ಹೇಳ್ದೆ. ಕೊನೆ ಹಂತ ನಾ ಕಾಣ್ಲೇ ಇಲ್ಲ. ನಿಮ್ಗೆ ಬೇಜಾರ್ ಆತ್ತ್ ಅಂತ…"

"ಕಾಣ್ಲಿಲ್ಯಾ?!"

ಅವನು ಎದ್ದ ರಭಸಕ್ಕೆ ಸ್ಟೂಲ್ ಬಿತ್ತು. ಕಪಾಟಿನಿಂದ ಕನ್ಸೋಲ್ ತೆಗೆದು, ಆಟ ತೆರೆದು ಅವಳ ಕೈಗಿಟ್ಟ.

ಮೊದಲ ಸಲ ದೋಣಿ ಮುಳುಗಿತು. ಎರಡನೆಯ ಸಲವೂ! ರತೀಶ್ ಉಗುರು ಕಚ್ಚುತ್ತ ನಿಂತಿದ್ದ. ಮೂರನೆಯ ಸಲ ಅಮಿತಾ ಅಪ್ಪಯ್ಯನ ಬೆರಳನ್ನು ನೆನೆದಳು. ಒಂದು ಅಲೆ… ಎರಡು… ಮೂರು… ನೀರು ತಣ್ಣಗಾಯಿತು. ಒತ್ತಿದಳು.

ದೋಣಿ ಅಳಿವೆ ದಾಟಿತು. ದಡದಲ್ಲಿ ಕೊಡೆ ಹಿಡಿದ ಪುಟ್ಟ ಹುಡುಗಿ. ಅವಳ ಕೊಡೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು.

'ಅಮಿತಾ, ನಿಮ್ ದಡಕ್ಕೆ ನನ್ ದೋಣಿ ಕಟ್ಲಕ್ಕಾ?'

ಅಕ್ಷರಗಳು ಮಂಜಾದವು. ತುಂಬಿದ್ದು ಅವಳ ಕಣ್ಣು.

"ಉತ್ತರ ಕೊಡುಕೆ ಬಟನ್ನೇ ಇಡ್ಲಿಲ್ಯಲ್ಲ ನೀವ್?"

"ಬಟನ್ ಒತ್ತಿ ಹೇಳುದಲ್ಲ ಅದ್," ರತೀಶನ ದನಿ ಒಣಗಿತ್ತು. "ನಿಮ್ ಬಾಯಲ್ಲಿ ಕೇಣ್ಕಿತ್ತ್…"

"ಅಕ್ಕ್."

"ಎಂತ? ಇನ್ನೊಂದ್ ಸಲ ಹೇಳಿ!"

"ಅಕ್ಕ್."

"ಒಂದೇ ಒಂದ್ ಸಲ, ಅಮಿತಾ…"

"ಅಕ್ಕ್ ಮಾರಾಯ್ರೆ!" ಅಳುತ್ತಲೇ ನಕ್ಕಳು ಅವಳು. ಕನ್ಸೋಲಿನ ಜೊತೆ ಅವನ ಕೈಯನ್ನೂ ಹಿಡಿದುಕೊಂಡಳು. "ಮೂರ್ ಆಯ್ತ್. ಇನ್ ಹೊರಡಿ, ಅಪ್ಪಯ್ಯ ಕಾಯ್ತಿದ್ರ್."