ನೂರ ನಲವತ್ತಮೂರು ಜೋಡಿ ಕಣ್ಣು

ಭಾನುವಾರ, 14 ಸೆಪ್ಟೆಂಬರ್ 2025. ಬೆಳಿಗ್ಗೆ 7.40ಕ್ಕೆ ಜಿಗಣಿ ಠಾಣೆಗೆ ಬಂದ ಬಿಂದುಶ್ರೀ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಬೆಳಕಿಂಡಿ ನೇತ್ರ ಸೇವಾ ಟ್ರಸ್ಟಿನ ಉಚಿತ ಶಿಬಿರಗಳ ಉಸ್ತುವಾರಿ ಅವಳದು.

"ಕ್ಯಾಮೆರಾ ಕಳುವಾಗಿದೆ ಸಾರ್. ಕಣ್ಣಿನ ಒಳಗಡೆ ಫೋಟೋ ತೆಗೆಯೋದು. ಶಾಲೆ ರೂಮಲ್ಲಿಟ್ಟು ಬೀಗ ಹಾಕಿದ್ವಿ."

"ಬೆಲೆ ಎಷ್ಟಾಗುತ್ತೆ?" ಇನ್ಸ್‌ಪೆಕ್ಟರ್ ವೆಂಕಟರಮಣಪ್ಪ ಕೇಳಿದ.

"ಬೆಲೆ ಇರ್ಲಿ ಸಾರ್. ನಿನ್ನೆ ನೂರ ನಲವತ್ತಮೂರು ಜನರ ಫೋಟೋ ತೆಗೆದಿದ್ವಿ. ನೆಟ್‌ವರ್ಕ್ ಇರ್ಲಿಲ್ಲ, ಆಸ್ಪತ್ರೆಗೆ ಕಳಿಸೋಕಾಗ್ಲಿಲ್ಲ. ಅದನ್ನ ನೋಡಿನೇ ಡಾಕ್ಟರು ಯಾರಿಗೆ ತುರ್ತು ಅಂತ ಹೇಳೋದು. ಸಕ್ಕರೆ ಕಾಯಿಲೆಯವರು ತಡ ಮಾಡಿದ್ರೆ ಕಣ್ಣೇ ಹೋಗುತ್ತೆ. ಅರ್ಧ ಜನ ಗ್ರಾನೈಟ್ ಕಾರ್ಖಾನೆ ಶೆಡ್‌ಗಳಲ್ಲಿರೋರು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಮತ್ತೆ ಎಲ್ಲಿ ಹುಡುಕಲಿ?"

8.15ಕ್ಕೆ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ಗೌರಿಯನ್ನು ಕರೆದುಕೊಂಡು ವೆಂಕಟರಮಣಪ್ಪ ಸರ್ಕಾರಿ ಶಾಲೆಗೆ ಹೊರಟ.

ಅಂಗಳದಲ್ಲಿ ಬಿಳಿ ವ್ಯಾನು ನಿಂತಿತ್ತು. ಪಕ್ಕದಲ್ಲಿ ಅರವತ್ತರ ಅಂಚಿನ ಚಾಲಕ, ಖಾಕಿ ಅಂಗಿ, ನೀಟಾಗಿ ಬಾಚಿದ ಬಿಳಿ ಕೂದಲು. ಹೆಸರು ಮುನಿಯಣ್ಣ.

"ಎಷ್ಟು ವರ್ಷದಿಂದ ಓಡಿಸ್ತಿದ್ದೀರಿ?"

"ತೊಂಬತ್ನಾಲ್ಕರಿಂದ ಸಾರ್. ಇದು ನಾಲ್ಕನೇ ಗಾಡಿ. ಮೊದಲನೇದು ನೀಲಿ ಮೆಟಡೋರ್."

ವೆಂಕಟರಮಣಪ್ಪನ ಪೆನ್ನು ನಿಂತಿತು. "ದೊಡ್ಡನೆಕ್ಕುಂದಿಗೆ ಬರ್ತಿದ್ರಾ?"

"ಪ್ರತಿ ಕಾರ್ತೀಕದಲ್ಲಿ. ಕೆರೆ ಏರಿ ಮೇಲೆ ಗಾಡಿ ನಿಲ್ಲಿಸಿ ಹಾರನ್ ಹೊಡೀತಿದ್ದೆ. ಈಗ ಅಲ್ಲಿ ಏರಿನೂ ಗೊತ್ತಾಗಲ್ಲ, ರಿಂಗ್ ರೋಡು."

ಆ ಹಾರನ್ ವೆಂಕಟರಮಣಪ್ಪನ ಕಿವಿಯಲ್ಲಿ ಇನ್ನೂ ಇತ್ತು. ಆಗ ಅವನಿಗೆ ಒಂಬತ್ತು ವರ್ಷ. ರಾಗಿ ಹೊಲಗಳ ನಡುವೆ ನೀಲಿ ಗಾಡಿ ತೂಗಾಡುತ್ತ ಬಂದರೆ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದರು. ಎರಡು ವರ್ಷದಿಂದ ಒಲೆಯನ್ನೂ ತಡವಿ ಹಚ್ಚುತ್ತಿದ್ದ ಅಜ್ಜಿ ಗಂಗಮ್ಮನನ್ನು ಅದರಲ್ಲೇ ಆಪರೇಷನ್ನಿಗೆ ಕರೆದೊಯ್ದಿದ್ದರು. ನಾಲ್ಕನೇ ದಿನ ವಾಪಸು ಬಂದ ಅಜ್ಜಿ ಮೊಮ್ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಅಯ್ಯೋ, ಇಷ್ಟೊಂದು ಕರ್ರಗಿದ್ದೀಯೇನೋ ನೀನು! ಯಾರೂ ಏಳ್ಲೇ ಇಲ್ವಲ್ಲ" ಎಂದಿದ್ದಳು. ಊರಿಗೆ ಊರೇ ನಕ್ಕಿತ್ತು. ಚಾಲಕನ ಸೀಟಿನಲ್ಲಿ ಒಬ್ಬ ತರುಣ ನಗುತ್ತಿದ್ದುದೂ ನೆನಪಿತ್ತು.

ಅದನ್ನೆಲ್ಲ ಅವನು ಹೇಳಲಿಲ್ಲ. ಕೆಲಸ ಮುಂದಿತ್ತು.

ಇಬ್ಬರು ಪಂಚರ ಸಮಕ್ಷಮ 9.10ರಿಂದ 10.05ರವರೆಗೆ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕೀಲಿ ಎರಡಿದ್ದವು: ಒಂದು ಬಿಂದುಶ್ರೀ ಬಳಿ, ಇನ್ನೊಂದು ವ್ಯಾನಿನೊಳಗೆ ಕನ್ನಡಿಗೆ ನೇತುಹಾಕಿದ್ದು. ಅದು ಅಲ್ಲಿರುವುದು ಶಿಬಿರದವರಿಗೆಲ್ಲ ಗೊತ್ತಿತ್ತು. ಕೋಣೆಯಲ್ಲಿ ಬಾಗಿಲಿನ ಎಡಕ್ಕಿದ್ದ ಬೆಂಚು ಉರುಳಿತ್ತು. ವ್ಯಾನಿನ ಎಡಗಡೆ ಹೊಸ ಗೀರುಗಳು, ಒಂದರ ಮೇಲೊಂದು. ಗೌರಿ ಎಲ್ಲವನ್ನೂ ಬರೆದುಕೊಂಡಳು.

ಎದುರಿನ ಗ್ರಾನೈಟ್ ಅಂಗಡಿಯ ಸಿಸಿಟಿವಿಯಲ್ಲಿ ಶನಿವಾರ ಸಂಜೆ 6.52ಕ್ಕೆ ಚೀಲ ಹಿಡಿದ ಒಂದು ಆಕೃತಿ ಕಂಡಿತು. ಮುಖ ಸ್ಪಷ್ಟವಿರಲಿಲ್ಲ. ಅಂಗಳದ ದೀಪ ಉರಿಯುತ್ತಿದ್ದರೂ ಆ ವ್ಯಕ್ತಿ ಧ್ವಜಕಟ್ಟೆಗೆ ಎಡವಿ ಮುಗ್ಗರಿಸಿ, ಮತ್ತೆ ನಡೆದುಹೋಗಿತ್ತು.

"ಕುಡಿದಿದ್ದ ಅನ್ಸುತ್ತೆ ಸಾರ್," ಎಂದಳು ಗೌರಿ.

ಅನುಮಾನ ಮೊದಲು ಬಿದ್ದದ್ದು ತಂತ್ರಜ್ಞ ಲೋಕೇಶನ ಮೇಲೆ. ಕ್ಯಾಮೆರಾ ನಡೆಸುತ್ತಿದ್ದವನು ಅವನೇ. ಕಳೆದ ವಾರವಷ್ಟೇ ರಾಜೀನಾಮೆ ಕೊಟ್ಟಿದ್ದ. ಬೆಳಿಗ್ಗೆಯಿಂದ ಫೋನ್ ಬೇರೆ ಬಂದ್ ಆಗಿತ್ತು. 11.30ಕ್ಕೆ ಅವನನ್ನು ಠಾಣೆಗೆ ಕರೆತಂದರು.

"ನಿನ್ನೆ ಸಂಜೆ ಏಳರ ಹೊತ್ತಿಗೆ ಎಲ್ಲಿದ್ದೆ?"

"ಬೈಕಲ್ಲಿ ಮನೆಗೆ ಹೋಗ್ತಿದ್ದೆ ಸಾರ್. ಚಾರ್ಜ್ ಇರ್ಲಿಲ್ಲ, ಅದಕ್ಕೆ ಫೋನ್ ಆಫ್. ನಾನ್ಯಾಕೆ ಸಾರ್ ಕದೀಲಿ? ಕೊನೇಗೆ ನಮ್ಮವರದ್ದೇ ಫೋಟೋ ತೆಗೆದೆ. ಸಿಬ್ಬಂದಿನೂ ಮಾಡಿಸ್ಕೊಳ್ಳಿ ಅಂತ ಬಿಂದು ಮೇಡಂ ಹಟ ಹಿಡಿದ್ರು. ಮುನಿಯಣ್ಣ ಒಬ್ರೇ ಬೇಡ ಬೇಡ ಅಂತಿದ್ರು, ಎಲ್ಲರೂ ಸೇರಿ ಎಳ್ಕೊಂಡು ಬಂದು ಕೂರಿಸಿದ್ವಿ."

ಶಾಲೆಯಿಂದ ಹತ್ತು ಕಿಲೋಮೀಟರ್ ದೂರದ ಟೋಲ್ ಗೇಟಿನ ಕ್ಯಾಮೆರಾದಲ್ಲಿ ಲೋಕೇಶನ ಬೈಕು 6.47ಕ್ಕೆ ದಾಟಿತ್ತು. 6.52ಕ್ಕೆ ಅವನು ಶಾಲೆಯಲ್ಲಿರಲು ಸಾಧ್ಯವಿರಲಿಲ್ಲ.

ವೆಂಕಟರಮಣಪ್ಪ ಪಂಚನಾಮೆಯನ್ನು ಮತ್ತೆ ತೆರೆದ. ಉರುಳಿದ ಬೆಂಚು. ಎಡಗಡೆಯ ಗೀರುಗಳು. ಧ್ವಜಕಟ್ಟೆ. ಕುಡಿದವನು ನೆಟ್ಟಗೆ ಹೋಗಿ ನೆಟ್ಟಗೆ ಬರುವುದಿಲ್ಲ. ಈ ಮನುಷ್ಯ ನೆಟ್ಟಗೇ ನಡೆದಿದ್ದ. ಅಕ್ಕಪಕ್ಕದ್ದಷ್ಟೇ ಅವನಿಗೆ ಕಂಡಿರಲಿಲ್ಲ. ಯೋಚನೆ ಹೋಗುತ್ತಿದ್ದ ದಿಕ್ಕು ಅವನಿಗೇ ಹಿಡಿಸಲಿಲ್ಲ. ಆದರೂ 2.20ಕ್ಕೆ ಮುನಿಯಣ್ಣನನ್ನು ಕರೆಸಿದ.

ಗೌರಿ ಸದ್ದಿಲ್ಲದೆ ಬಂದು ಮುನಿಯಣ್ಣನ ಕುರ್ಚಿಯ ಎಡಕ್ಕೆ ಎರಡಡಿ ದೂರದಲ್ಲಿ ನಿಂತಳು.

"ಲೋಕೇಶನ್ನ ಹಿಡಿದಿದ್ದೀರಂತೆ ಸಾರ್. ಒಳ್ಳೇ ಹುಡುಗ ಅವನು, ಬಿಟ್ಬಿಡಿ," ಎಂದ ಮುನಿಯಣ್ಣ, ಕೇಳುವ ಮೊದಲೇ.

"ತಲೆ ತಿರುಗಿಸ್ದೆ ಹೇಳಿ. ಈ ರೂಮಲ್ಲಿ ಎಷ್ಟು ಜನ ಇದ್ದೀವಿ?"

ಮುನಿಯಣ್ಣ ನೇರವಾಗಿ ಅವನನ್ನೇ ನೋಡಿದ. "ನಾವಿಬ್ರೇ, ಸಾರ್."

ಗೌರಿ ಬಾಯಿಗೆ ಕೈ ಅಡ್ಡ ಹಿಡಿದಳು. ಬಳೆ ಸದ್ದಾಯಿತು. ಮುನಿಯಣ್ಣ ಥಟ್ಟನೆ ಪೂರ್ತಿ ತಿರುಗಿದ, ಅವಳನ್ನು ಕಂಡ, ಮತ್ತೆ ನಿಧಾನಕ್ಕೆ ಮೇಜಿನ ಕಡೆ ತಿರುಗಿದ.

"ಯಾವಾಗಿಂದ?"

"ಒಂದು ವರ್ಷ ಆಯ್ತು. ಗ್ಲಾಕೋಮಾ. ಡಾಕ್ಟ್ರು ಶಿಬಿರದಲ್ಲಿ ಹೇಳೋದನ್ನ ಮೂವತ್ತು ವರ್ಷದಿಂದ ಕೇಳ್ತಿದ್ದೀನಲ್ಲ ಸಾರ್. ನೋವಿರಲ್ಲ, ಮೊದಲು ಅಕ್ಕಪಕ್ಕ ಕಾಣೋದು ಹೋಗುತ್ತೆ, ಹೋಗಿದ್ದು ವಾಪಸ್ ಬರಲ್ಲ. ಫೋಟೋದಲ್ಲಿ ಏನು ಕಾಣುತ್ತೆ ಅಂತ ನಂಗೊತ್ತಿತ್ತು."

"ಹೇಳಿದ್ರೆ ಅವರೇ ನೋಡ್ತಿದ್ರಲ್ಲ?"

"ಗಾಡಿ ಬಿಡಿಸ್ತಿದ್ರು. ಈ ಕಡೆ ಯಾವ ಹಳ್ಳಿಗೆ ಹೋದ್ರೂ ಕಣ್ಣಿನ ವ್ಯಾನ್ ಮುನಿಯಣ್ಣ ಬಂದ ಅಂತಾರೆ. ಕೈ ಹಿಡಿದು ಹತ್ತಿಸ್ಕೊಂಡು ಬಂದವನು ನಾನು. ಆ ಸಾಲಲ್ಲಿ ನಾನೇ ಹೆಂಗೆ ಹೋಗಿ ನಿಂತ್ಕೊಳ್ಳಲಿ?"

ವೆಂಕಟರಮಣಪ್ಪನಿಗೆ ಸಿಟ್ಟು ಬಂತು. "ಆ ಗಾಡೀಲಿ ಇಪ್ಪತ್ತು ಜನ ಕೂತಿರ್ತಾರೆ ಮುನಿಯಣ್ಣ. ನಿಮ್ಮನ್ನ ನಂಬಿ."

"ನಿಧಾನಕ್ಕೆ ಓಡಿಸ್ತಿದ್ದೆ," ಎಂದ ಮುನಿಯಣ್ಣ. ಆಮೇಲೆ, ತಾನು ಹೇಳಿದ್ದು ತನಗೇ ಕೇಳಿಸಿದವನಂತೆ, ತಲೆ ತಗ್ಗಿಸಿದ.

"ಕ್ಯಾಮೆರಾ?"

"ಕೆರೇಗೆ ಹಾಕೋಣ ಅಂತ ಹೋದೆ. ಎಲ್ಲರ ಕಣ್ಣೂ ಅದ್ರಲ್ಲೇ ಇದೆಯಲ್ಲ ಸಾರ್, ಕೈ ಬರ್ಲಿಲ್ಲ. ನನ್ನದೊಂದೇ ಅಳಿಸೋಣ ಅಂದ್ರೆ ಗೊತ್ತಾಗ್ಲಿಲ್ಲ. ಮನೇಲಿದೆ."

ಸಂಜೆ 4.05ಕ್ಕೆ ಸಿಂಗಸಂದ್ರದ ಅವನ ಬಾಡಿಗೆ ಮನೆಯಲ್ಲಿ, ರಾಗಿ ಡ್ರಮ್ಮಿನೊಳಗೆ ಹೆಂಡತಿ ಭಾಗ್ಯಮ್ಮನ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಕ್ಯಾಮೆರಾ ಸಿಕ್ಕಿತು. ಭಾಗ್ಯಮ್ಮನಿಗೆ ಕಳವೂ ಗೊತ್ತಿರಲಿಲ್ಲ, ಕಣ್ಣೂ ಗೊತ್ತಿರಲಿಲ್ಲ. "ಮೊನ್ನೆ ನನ್ ಕಾಲ್ಮೇಲೆ ಕಾಲಿಟ್ಟಾಗ ಬೈದೆ ಕಣಮ್ಮ," ಎಂದು ಗೌರಿಯ ಮುಂದೆ ಅತ್ತಳು. ಜಪ್ತಿ ಪಂಚನಾಮೆ ಮುಗಿಸಿ 4.50ಕ್ಕೆ ಮುನಿಯಣ್ಣನನ್ನು ಬಂಧಿಸಲಾಯಿತು. ಪ್ರಕರಣಕ್ಕೆ ನೌಕರನಿಂದ ಕಳವು ಎಂಬ ಕಲಂ ಸೇರಿತು.

ಲೋಕೇಶ ಠಾಣೆಯಲ್ಲೇ ಕೂತು, ಪೊಲೀಸರ ಸಮಕ್ಷಮದಲ್ಲೇ ಚಿತ್ರಗಳ ಪ್ರತಿ ತೆಗೆದು ಆಸ್ಪತ್ರೆಗೆ ಕಳಿಸಿದ. ಆರೂಕಾಲಿಗೆ ಉತ್ತರ ಬಂತು: ಹತ್ತು ಜನರಿಗೆ ಈ ವಾರವೇ ಚಿಕಿತ್ಸೆ ಆಗಬೇಕು. ಅಷ್ಟೊತ್ತಿಗಾಗಲೇ ಅವರಲ್ಲಿ ಇಬ್ಬರು ಶೆಡ್ ಖಾಲಿ ಮಾಡಿ ಮಧ್ಯಾಹ್ನದ ರೈಲು ಹತ್ತಿದ್ದರು. ಬಿಂದುಶ್ರೀ ಅವರ ಮೇಸ್ತ್ರಿಯ ನಂಬರಿಗಾಗಿ ಫೋನ್ ಮಾಡುತ್ತಲೇ ಇದ್ದಳು. ಮುನಿಯಣ್ಣ ಅದನ್ನು ಕೇಳಿಸಿಕೊಳ್ಳುತ್ತ ಕೂತಿದ್ದ. ಹತ್ತನೆಯ ತುರ್ತು ಹೆಸರು ಅವನದೇ ಆಗಿತ್ತು.

ಬಂಧನದ ನಂತರದ ತಪಾಸಣೆ ಮಾಡಿದ ಸರ್ಕಾರಿ ಆಸ್ಪತ್ರೆಯ ಡಾ. ಐಶ್ವರ್ಯಾ, ಕಣ್ಣಿನ ತಜ್ಞರಿಗೆ ಫೋನ್ ಮಾಡಿ ಔಷಧಿ ಬರೆದುಕೊಟ್ಟರು. "ಹೋಗಿರೋದು ಹೋಯ್ತು. ಉಳಿದಿರೋದನ್ನ ಉಳಿಸ್ಕೋಬಹುದು. ಒಂದು ಹೊತ್ತೂ ತಪ್ಪಿಸ್ಬೇಡಿ."

ಮರುದಿನ ಬೆಳಿಗ್ಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ರಾತ್ರಿ ಎಂಟು ಗಂಟೆಗೆ ಗೌರಿ ಔಷಧಿಯ ಸಣ್ಣ ಶೀಶೆ ತಂದಳು. ಮುನಿಯಣ್ಣ ತಾನಾಗಿಯೇ ತಲೆ ಹಿಂದಕ್ಕೆ ವಾಲಿಸಿ ಕೆಳರೆಪ್ಪೆ ಎಳೆದು ಹಿಡಿದ. ಎರಡೂ ಕಣ್ಣಿಗೆ ಒಂದೊಂದು ಹನಿ ಬಿತ್ತು.

"ಐದು ನಿಮಿಷ ಮುಚ್ಕೊಂಡಿರಿ ಅಂತ ಚೀಟೀಲಿದೆ," ಎಂದಳು.

"ಗೊತ್ತಮ್ಮ. ಎಷ್ಟು ಜನಕ್ಕೆ ಹೇಳಿದ್ದೀನಿ."

ವೆಂಕಟರಮಣಪ್ಪ ಗೋಡೆಯ ಗಡಿಯಾರ ನೋಡುತ್ತ ಎದುರಿನ ಬೆಂಚಿನಲ್ಲಿ ಕೂತ. ಹೊರಗೆ ಪಾಳಿ ಬಿಟ್ಟ ಕಾರ್ಖಾನೆಯ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಐದು ನಿಮಿಷ ಕಳೆಯಿತು.

"ಇನ್ನು ತೆಗೀಬಹುದು ಮುನಿಯಣ್ಣ."

ಮುನಿಯಣ್ಣ ತಕ್ಷಣ ತೆಗೆಯಲಿಲ್ಲ. "ಇನ್ನೊಂದು ಸ್ವಲ್ಪ ಹೊತ್ತು, ಸಾರ್," ಎಂದ.