ಹೊಂಬಣ್ಣದ ಡ್ರಿಲ್ಲು

ನಾವು ಹೊಳೆನರಸೀಪುರದ ಆ ವರ್ಕ್‌ಶಾಪು ತಲುಪುವಷ್ಟರಲ್ಲಿ ಆಪರೇಟರ್ ಸುದರ್ಶನನನ್ನು ಹಾಸನದ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಮಷೀನಿನ ಕೆಳಗೆ ರಕ್ತ. ಮೇಲೆ ಅರ್ಧ ತೂತು ಬಿದ್ದ ಸ್ಟೀಲ್ ಪ್ಲೇಟು. ಅದರ ಪಕ್ಕ, ಮುರಿದ ಡ್ರಿಲ್ಲಿನ, ಅಂದರೆ ತೂತು ಕೊರೆಯುವ ಕಡ್ಡಿಯ, ಹೊಂಬಣ್ಣದ ಚೂರುಗಳು. ಸಿಡಿದ ಇನ್ನೊಂದು ಚೂರು ಅವನ ಬಲಗಣ್ಣಿಗೆ ಹೊಕ್ಕಿತ್ತು.

ಸಬ್ ಇನ್‌ಸ್ಪೆಕ್ಟರ್ ಮೇಘಶ್ರೀ ಬಾಗಿ ನೋಡಿದರು. ಹೆಡ್ ಕಾನ್‌ಸ್ಟೇಬಲ್ ಆದ ನಾನು ಚೂರುಗಳನ್ನು ಆಯ್ದು ಕವರಿಗೆ ಹಾಕಿದೆ. ಡ್ರಿಲ್ಲು ಅಷ್ಟೂ ಸಿಕ್ಕಿತೆಂದೇ ನಾನು ತಿಳಿದೆ. ಮಷೀನಿಗೆ ಸೀಲು ಹಾಕಿದೆವು.

ಗಾಯಾಳುವಿನ ಅಣ್ಣ ರವೀಂದ್ರ ಗೋಡೆಗೊರಗಿ ಕುಸಿದಿದ್ದ. ಅದೇ ವರ್ಕ್‌ಶಾಪಿನ ಸ್ಟೋರು ನೋಡಿಕೊಳ್ಳುವವನು. ಅವನ ಅಂಗಿಯ ತುಂಬ ತಮ್ಮನ ರಕ್ತ.

"ಆ ಹಾಸನದ ಯಮ್ಮನೇ ಕಾರಣ ಮೇಡಂ. ಕೋಟಿಂಗ್ ಮಾಡ್ಕೊಡ್ತೀನಿ ಅಂತ ಬರೀ ಬಣ್ಣ ಬಳ್ದವ್ಳೆ. ಮುಂದಿನ ತಿಂಗ್ಳು ಮದ್ವೆ ಇತ್ತು ನನ್ ತಮ್ಮುಂಗೆ. ಅವಳನ್ನ ಒಳೀಕಾಕಿ."

"ಯಾರು ಅವರು?" ಮೇಘಶ್ರೀ ಮಾಲೀಕ ಷಡಕ್ಷರಿಯ ಕಡೆ ತಿರುಗಿದರು.

"ಶಿವರಂಜನಿ ಅಂತ. ಹೊಸ ಡ್ರಿಲ್ಲುಗಳನ್ನ ಅವರ ಹತ್ರಾನೇ ಕೋಟಿಂಗಿಗೆ ಕಳಿಸೋದು. ಇಷ್ಟು ವರ್ಷದಲ್ಲಿ ಹೀಗಾಗಿರ್ಲಿಲ್ಲ."

"ಮಷೀನಿನ ಮುಂದೆ ಚೂರು ತಡೆಯೋ ಗಾರ್ಡ್ ಯಾಕಿಲ್ಲ?"

ಷಡಕ್ಷರಿ ತಲೆ ತಗ್ಗಿಸಿದ.

"ಅದಕ್ಕೆ ನಿಮ್ಮ ಮೇಲೆ ಬೇರೆ ಕೇಸು."

ಹಾಸನದ ಕೈಗಾರಿಕಾ ಪ್ರದೇಶಕ್ಕೆ ಸುದ್ದಿ ನಮಗಿಂತ ಮೊದಲೇ ಹೋಗಿತ್ತು. ಶಿವರಂಜನಿಯ ಶೆಡ್ಡಿನ ಮುಂದೆ ಎರಡು ಗಾಡಿ ನಿಂತಿದ್ದವು. ಗಿರಾಕಿಗಳು ತಮ್ಮ ಡಬ್ಬಗಳನ್ನು ವಾಪಸು ಹೇರಿಕೊಳ್ಳುತ್ತಿದ್ದರು. ಕೆಲಸದ ಹೆಂಗಸರು ಗೇಟಿನ ಹತ್ತಿರ ಗುಂಪಾಗಿ ಕೂತಿದ್ದರು.

"ಬರೀ ಬಣ್ಣ ಬಳಿದಿದ್ದೀರಿ ಅಂತಾರೆ," ಎಂದರು ಮೇಘಶ್ರೀ.

"ಬಣ್ಣ ಅಲ್ಲ ಮೇಡಂ." ಶಿವರಂಜನಿ ಒಳಗಿನ ಮಷೀನಿನ ಕಡೆ ಕೈ ತೋರಿದಳು. "ಗಾಳಿ ತೆಗೆದ ಚೇಂಬರಿನಲ್ಲಿ ಲೋಹವನ್ನ ಆವಿ ಮಾಡಿ ನೈಟ್ರೋಜನ್ ಬಿಡ್ತೀವಿ. ಎರಡೂ ಸೇರಿ ನೈಟ್ರೈಡ್ ಅನ್ನೋ ಗಟ್ಟಿ ವಸ್ತು ಆಗಿ ಡ್ರಿಲ್ಲಿನ ಮೇಲೆ ಕೂರುತ್ತೆ. ಒಂದು ಥರದ ಪದರ, ಅದರ ಮೇಲೆ ಇನ್ನೊಂದು ಥರದ್ದು, ಮತ್ತೆ ಮೊದಲಿನದು, ಹೀಗೆ. ಕೂದಲಿಗಿಂತ ತೆಳು. ಒಂದು ಪದರ ಬಿರುಕು ಬಿಟ್ರೆ ಕೆಳಗಿನದು ತಡೀತದೆ. ಬೇಗ ಸವೆಯಲ್ಲ. ನೀರಿಗೂ ಒಳಗಿಳಿಯೋ ದಾರಿ ಸಿಗಲ್ಲ, ಅದಕ್ಕೇ ತುಕ್ಕು ಹಿಡಿಯಲ್ಲ. ಕೊನೇ ಪದರ ಮಾತ್ರ ಹೊಂಬಣ್ಣ."

"ಹಾಗಿದ್ರೆ ಯಾಕೆ ಮುರೀತು?"

"ಗೊತ್ತಿಲ್ಲ. ಆ ಡ್ರಿಲ್ಲು ನಮ್ಮದಲ್ಲ ಅಂತ ನನ್ನ ಮನಸ್ಸು ಹೇಳ್ತಿದೆ. ಆದ್ರೆ ಆ ಹುಡುಗನ ಕಣ್ಣು ಹೋಗಿದೆಯಲ್ಲ? ಯಾರು ನಂಬ್ತಾರೆ?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೊರಗೆ ಕೂತಿರೋರ ಮುಖ ನೋಡೋಕಾಗ್ತಿಲ್ಲ ಮೇಡಂ. ಒಳಗೆ ಹಾಕೋದಾದ್ರೆ ಬೇಗ ಹಾಕಿ."

ನಾನು ಕವರಿನ ಚೂರುಗಳನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಗೊತ್ತಾಗದೆಂದು ತಲೆಯಾಡಿಸಿದಳು. ಬರೀ ತುದಿಯ ಚೂರುಗಳನ್ನು ನೋಡಿ, ಕೋಟಿಂಗ್ ಯಾರದೆಂದು ಹೇಳಲು ಆಗದು.

ಚೇಂಬರಿನಿಂದ ಆಗಷ್ಟೇ ಹೊರಬಂದ ತಟ್ಟೆಯೊಂದರಲ್ಲಿ ಡ್ರಿಲ್ಲುಗಳು ಸಾಲಾಗಿ ನಿಂತಿದ್ದವು. ಮೇಘಶ್ರೀ ಒಂದನ್ನು ಎತ್ತಿದರು. ಮೇಲ್ಭಾಗ ಹೊಂಬಣ್ಣ, ಮಷೀನಿಗೆ ಸಿಗಿಸುವ ಬಾಲ ಬರೀ ಸ್ಟೀಲು. ನಡುವೆ ಗೆರೆ ಎಳೆದಂತೆ ಗಡಿ.

"ಬಾಲಕ್ಕೆ ಯಾಕೆ ಕೋಟಿಂಗ್ ಇಲ್ಲ?"

"ಅದು ಈ ತಟ್ಟೆಯ ತೂತಿನೊಳಗೆ ಕೂತಿರುತ್ತೆ. ಅಲ್ಲಿಗೆ ಆವಿ ತಲುಪಲ್ಲ."

"ಯಾವಾಗಲೂ ಹೀಗೇನಾ?"

"ನಮ್ಮಲ್ಲಿ ಬೇರೆ ಥರ ಮಾಡೋಕೇ ಬರಲ್ಲ."

ಮೇಘಶ್ರೀ ಡ್ರಿಲ್ಲನ್ನು ತಟ್ಟೆಗೆ ಮರಳಿಸಿದರು. ಆಮೇಲೆ, "ಷಡಕ್ಷರಿಯ ಡಬ್ಬ ಸಾಗಿಸಿದ್ದು ಯಾರು?" ಎಂದು ಕೇಳಿದರು.

ವ್ಯಾನಿನ ಡ್ರೈವರ್ ಪುಟ್ಟಸ್ವಾಮಿ ಚನ್ನರಾಯಪಟ್ಟಣದಲ್ಲಿ ಸಿಕ್ಕಿದ. ನಮ್ಮನ್ನು ಕಂಡೊಡನೆ ವ್ಯಾನಿನಿಂದ ಇಳಿದು ನಿಂತ.

"ದಾರೀಲಿ ಡಬ್ಬ ಯಾರಿಗಾದ್ರೂ ಕೊಟ್ಯಾ?"

"ಇಲ್ಲ ಮೇಡಂ. ಒಂದ್ಕಡೆ ಟೀ ಕುಡ್ದೆ, ಅಷ್ಟೇಯ. ಡಬ್ಬ ವ್ಯಾನಲ್ಲೇ ಇತ್ತು. ಸೀಲು ಅಂಗೇ ಇತ್ತು. ಬೇಕಾದ್ರೆ ಷಡಕ್ಷರಿ ಸಾವ್ಕಾರ್ರನ್ನೇ ಕೇಳಿ. ಅವ್ರೇ ಕಿತ್ತಿದ್ದು." ಅವನ ಕಣ್ಣು ತುಂಬಿತು. "ನನ್ನ ಇದ್ರಾಗೆ ಸಿಗಿಸ್ಬ್ಯಾಡಿ ಮೇಡಂ."

ನಾವು ಹೊಳೆನರಸೀಪುರಕ್ಕೆ ಮರಳಿದಾಗ ರವೀಂದ್ರ ಸ್ಟೋರಿನ ಬಾಗಿಲಲ್ಲೇ ಇದ್ದ. ಆಸ್ಪತ್ರೆಗೆ ಹೋಗಿರಲಿಲ್ಲ. ಆಗ ಅದು ನನಗೆ ವಿಚಿತ್ರವೆನಿಸಲಿಲ್ಲ.

"ಡಬ್ಬದ ಸೀಲು ಕಿತ್ತಿದ್ದು ನೀವೇನಾ?" ಮೇಘಶ್ರೀ ಷಡಕ್ಷರಿಯನ್ನು ಕೇಳಿದರು.

"ಹೌದು. ಒಂದೊಂದನ್ನೂ ಎತ್ತಿ ನೋಡಿದೆ."

"ಬಾಲ ಯಾವ ಬಣ್ಣ ಇತ್ತು?"

"ಬೆಳ್ಳಗಿತ್ತು. ಸ್ಟೀಲಿನ ಬಣ್ಣ. ಯಾವಾಗ್ಲೂ ಹಾಗೇ ಅಲ್ವಾ?"

"ಆಮೇಲೆ?"

"ಸ್ಟೋರಿಗೆ ಕೊಟ್ಟೆ."

ಮೇಘಶ್ರೀ ಮಷೀನಿನ ಸೀಲು ಒಡೆದರು. ಡ್ರಿಲ್ಲನ್ನು ಕಚ್ಚಿ ಹಿಡಿಯುವ ಚಕ್ಕನ್ನು ಸಡಿಲಿಸಲು ಷಡಕ್ಷರಿಗೆ ಹೇಳಿ, ಕೆಳಗೆ ಅಂಗೈ ಒಡ್ಡಿದರು. ಮುರಿದ ಬಾಲ ಅದರೊಳಗೆ ಬಿತ್ತು.

ತುದಿಯವರೆಗೂ ಹೊಂಬಣ್ಣ.

"ನಾವೆಲ್ಲ ಹೊರಗೆ ಬಿದ್ದದ್ದನ್ನು ಆಯ್ದೆವು," ಎಂದರು ಮೇಘಶ್ರೀ. "ಚಕ್ಕಿನೊಳಗೆ ಉಳಿದದ್ದನ್ನು ಯಾರೂ ನೋಡಲಿಲ್ಲ. ಶಿವರಂಜನಿಯ ಚೇಂಬರಿನಿಂದ ಬಂದ ಡ್ರಿಲ್ಲಿಗೆ ಹೀಗೆ ಪೂರ್ತಿ ಬಣ್ಣ ಬರೋದು ಸಾಧ್ಯವೇ ಇಲ್ಲ. ಇದು ಪೇಟೆಯ ಕಳಪೆ ಮಾಲು. ಷಡಕ್ಷರಿ ಡಬ್ಬ ಬಿಚ್ಚಿದಾಗ ಒಳಗಿದ್ದದ್ದು ಅಸಲಿ. ಬದಲಾದದ್ದು ಸ್ಟೋರಿನಲ್ಲಿ. ಅದರ ಬೀಗದ ಕೈ ಒಬ್ಬನ ಹತ್ತಿರ ಮಾತ್ರ ಇರೋದು. ಅಸಲಿ ಡ್ರಿಲ್ಲುಗಳು ಎಲ್ಲಿ, ರವೀಂದ್ರ?"

ರವೀಂದ್ರ ಬಾಗಿಲನ್ನು ಹಿಡಿದುಕೊಂಡ.

"ಅರಕಲಗೂಡಿನಾಗೆ."

ಅಲ್ಲಿನ ಪೇಟೆಯಾಚೆ ತಗಡಿನ ಶೆಡ್ಡು. ಒಳಗೆ ಒಂದು ಹಳೆಯ ಮಷೀನು, ಕಪಾಟಿನಲ್ಲಿ ಶಿವರಂಜನಿ ಕೋಟಿಂಗ್ ಮಾಡಿದ ಟೂಲುಗಳು. ಗೋಡೆಗೆ ಒರಗಿಸಿದ್ದ ಹೊಸ ಬೋರ್ಡಿನ ಬಣ್ಣ ಇನ್ನೂ ಘಮ್ಮೆನ್ನುತ್ತಿತ್ತು: ಸುದರ್ಶನ್ ಎಂಜಿನಿಯರಿಂಗ್ ವರ್ಕ್ಸ್.

"ಮದ್ವೆಗೆ ಮುಂಚೆ ಅವ್ನಿಗೊಂದು ಸ್ವಂತ ಜಾಗ ಮಾಡ್ಕೊಡ್ಬೇಕು ಅಂತಿದ್ದೆ," ಎಂದ ರವೀಂದ್ರ. "ಅವ್ನಿಗೇ ಗೊತ್ತಿಲ್ಲ. ಒಳ್ಳೆ ಟೂಲು ಇಲ್ದೆ ಯಾರು ಕೆಲ್ಸ ಕೊಡ್ತಾರೆ ಮೇಡಂ? ಆ ಡ್ರಿಲ್ಲು ಬ್ಯಾರೆ ಆಪರೇಟರಿಗೆ ಅಂತ ಸ್ಟೋರಿಂದ ಈಚೆಗೆ ತೆಗ್ದು ಮಡಗಿದ್ದೆ. ಇವತ್ತು ಅವ್ನು ಬರ್ನಿಲ್ಲ. ನಾನು ತಿಂಡಿಗೆ ಓಗಿದ್ದೆ. ಬರೋವಷ್ಟ್ರಲ್ಲಿ ಇವ್ನೇ ತಗಂಡು ಮಷೀನಿಗೆ ನಿಂತ್ಬುಟ್ಟಿದ್ದ."

"ಆ ಇನ್ನೊಬ್ಬನ ಕಣ್ಣಾಗಿದ್ರೆ ಪರವಾಗಿರ್ಲಿಲ್ವಾ?"

ಅವನು ಬೋರ್ಡಿನ ಮುಂದೆ ಮಂಡಿಯೂರಿ ಹಣೆ ಚಚ್ಚಿಕೊಳ್ಳತೊಡಗಿದ. ನಾನು ಹಿಡಿದು ಎಬ್ಬಿಸಿದೆ.

ಜೀಪಿನಿಂದಲೇ ಶಿವರಂಜನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಆ ಕಡೆ ಅಳುವ ಸದ್ದಷ್ಟೇ ಕೇಳಿಸಿತು. ಆಮೇಲೆ, "ವಾಪಸು ಹೋದ ಗಿರಾಕಿಗಳು ಬರ್ತಾರಾ ಸಾರ್?" ಎಂದಳು.

ರವೀಂದ್ರ ಒಂದನ್ನೇ ಬೇಡಿಕೊಂಡ: ತಮ್ಮನಿಗೆ ತಾನೇ ಹೇಳಬೇಕು. ಮೇಘಶ್ರೀ ಒಪ್ಪಿದರು.

ಆಸ್ಪತ್ರೆಯಲ್ಲಿ ಸುದರ್ಶನನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಬಲಗಣ್ಣು ಹೋಗಿತ್ತು. ಸಣ್ಣ ಪುಡಿ ಸಿಡಿದಿದ್ದ ಎಡಗಣ್ಣಿನ ಬಗ್ಗೆ ಡಾಕ್ಟರು ಇನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಕೇಳಿ ಅವನು ಕೈ ಚಾಚಿದ.

"ಅಣ್ಣಾ, ಬಂದ್ಯಾ? ಬೆಳಗ್ಗಿಂದ ಎಲ್ಲೋಗಿದ್ದೆ? ಆ ಯಮ್ಮನ್ನ ಬಿಡ್ಬ್ಯಾಡ ಕಣಣ್ಣ."

ರವೀಂದ್ರ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮಂಚದ ಪಕ್ಕ ಕೂತು, ತಮ್ಮನ ಕಿವಿಯ ಹತ್ತಿರ ಮಾತಾಡತೊಡಗಿದ. ನಾವು ಬಾಗಿಲಲ್ಲೇ ನಿಂತೆವು. ಅವನು ಹೇಳಿ ಮುಗಿಸಿದ ಮೇಲೂ ಸುದರ್ಶನ ಕೈ ಎಳೆದುಕೊಳ್ಳಲಿಲ್ಲ. ಆದರೆ ಬೆರಳುಗಳು ಒಂದೊಂದಾಗಿ ಸಡಿಲವಾದವು. ಮುಖವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಕೊಂಡ.