ಹನ್ನೊಂದು ತಪ್ಪು

"ಹನ್ನೊಂದು ತಪ್ಪು ಅದಾವ್ರಿ!"

ಬಸವಣ್ಣೆಮ್ಮ ಅವನೊಡನೆ ಆಡಿದ ಮೊದಲ ಮಾತು ಇದು. ನಾಯಕಿಯರು ಸಾಮಾನ್ಯವಾಗಿ ಇದಕ್ಕಿಂತ ಮೆತ್ತಗೆ ಆರಂಭಿಸುತ್ತಾರೆ.

ಸಾವಿರದ ಒಂಬೈನೂರ ನಲವತ್ತರ ಚಳಿಗಾಲ. ಕೊಪ್ಪಳದ ಕಿರಾಣಿ ವ್ಯಾಪಾರಿ ಕಳಕಪ್ಪನ ಪಡಸಾಲೆ. ನಡುವೆ ಗ್ರಾಮೋಫೋನು. ಈ ಕಡೆ ಕೆಂಪು ಪೆನ್ಸಿಲ್ ಹಿಡಿದ ಕಳಕಪ್ಪನ ಮಗಳು. ಆ ಕಡೆ, ಆರು ಹರದಾರಿ ಸೈಕಲ್ ತುಳಿದು ಹುಬ್ಬಿನವರೆಗೂ ಧೂಳಾಗಿದ್ದ ಈಶಪ್ಪ. ಊರು ಮಂಗಳೂರು; ಸಮುದ್ರವಿರುವುದಲ್ಲ, ಯಲಬುರ್ಗಾ ಕಡೆಯದು. ಮರ್ಯಾದೆಯ ಕಾವಲಿಗೆ ಸೋದರತ್ತೆ ಶಿವಬಸಮ್ಮ ಮೊರದ ತುಂಬ ಜೋಳ ಹಾಕಿಕೊಂಡು ಕೂತಿದ್ದಳು.

ಮುಂಬಯಿಯ ಒಂದು ಕಂಪನಿ ಕನ್ನಡ ನಾಟಕದ ಹಾಡುಗಳ ಪ್ಲೇಟು ಮಾರುತ್ತಿತ್ತು. ಪ್ರತಿ ಪ್ಲೇಟಿನ ಜೊತೆ ಹಾಡನ್ನು ಅಚ್ಚು ಮಾಡಿದ ಒಂದು ಹಾಳೆ. ಅದಕ್ಕೆ ಪ್ಲೇಟು ಕೇಳಿ ಬರೆಯುವವರು ಬೇಕು, ಬರೆದದ್ದು ಸರಿಯೋ ಎಂದು ಮತ್ತೆ ಕೇಳಿ ನೋಡುವವರೂ ಬೇಕು. ಕೊಪ್ಪಳದ ಏಜೆಂಟ್ ರಸೂಲಸಾಬ ಕನ್ನಡವನ್ನು ಸೊಗಸಾಗಿ ಆಡುತ್ತಿದ್ದ, ಓದಲು ಮಾತ್ರ ಉರ್ದು ಒಂದೇ. ನಿಜಾಮರ ಸಾಲೆ ಅಷ್ಟನ್ನೇ ಕಲಿಸಿತ್ತು. ಗದಗಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕನ್ನಡ ಸಾಲೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದ ಬಸವಣ್ಣೆಮ್ಮನಿಗೆ ತಪಾಸಣೆಯ ಕೆಲಸ ಸಿಕ್ಕಿದ್ದು ಹೀಗೆ. ಬರೆಯುವವನು ಈಶಪ್ಪ.

ಕಂಪನಿಯ ಕಟ್ಟಳೆ ಕಟ್ಟುನಿಟ್ಟು. ಹತ್ತು ತಪ್ಪಿನವರೆಗೆ ಮಾಫಿ. ಮೀರಿದರೆ ಬರೆದವನೇ ಬಂದು, ತಪ್ಪು ಹಿಡಿದವರ ಎದುರು ಕೂತು ಹಾಡನ್ನು ಮತ್ತೆ ಕೇಳಬೇಕು. ನಾಲ್ಕು ಸಲ ಹೀಗೆ ಕರೆಸಿಕೊಂಡವನಿಗೆ ಕೆಲಸವಿಲ್ಲ. ತಪಾಸಣೆಯಲ್ಲಿ ಸುಳ್ಳು ಬರೆದವರಿಗೂ ಇಲ್ಲ.

"ಆಕಿ ಈ ಸಾಲು ಮೂರು ಸಲ ಹಾಡ್ಯಾಳ. ನೀವು ಒಂದ ಸಲ ಬರದೀರಿ."

"ಅದೇ ಸಾಲು ಅಲ್ರಿ? ಮೂರು ಸಲ ಯಾಕ ಬರೀಬೇಕು?"

"ಮೂರನೇ ಸಲ ಆಕಿಗೆ ಅಳು ಬಂದೈತ್ರಿ."

ಈಶಪ್ಪ ಬೆರಗಾಗಿ ಅವಳನ್ನು ನೋಡಿದ. "ಅಳು ಬಂದಿದ್ದನ್ನ ಹಾಳ್ಯಾಗ ಹೆಂಗ ಬರೀಲ್ರಿ?"

"ಅಳು ಬರೀಬ್ಯಾಡ್ರಿ. ಸಾಲನ್ನ ಮೂರು ಸಲ ಬರೀರಿ. ಓದಾವ್ರಿಗೆ ತಿಳೀತೈತಿ."

ಮುಳ್ಳು ಮತ್ತೆ ಪ್ಲೇಟಿನ ಮೇಲೆ ಇಳಿಯಿತು. ಹಾಡುಗಾರ್ತಿ ಮತ್ತೆ ಮೂರು ಸಲ ಆ ಸಾಲು ಹಾಡಿದಳು... ಮೂರನೆಯ ಸಲ ಈಶಪ್ಪನಿಗೂ ಕೇಳಿಸಿತು. ಸಂಜೆ ಮಂಗಳೂರಿನ ದಾರಿಯಲ್ಲಿ ಅವನ ಕಿವಿಯಲ್ಲಿ ಉಳಿದದ್ದು ಮಾತ್ರ ಹಾಡುಗಾರ್ತಿಯ ದನಿಯಲ್ಲ!

ಮುಂದಿನ ತಿಂಗಳು ಮತ್ತೆ ಹನ್ನೊಂದು ತಪ್ಪು. ಅದರ ಮುಂದಿನ ತಿಂಗಳೂ ಹನ್ನೊಂದು!

ಬಂದವನು ಗ್ರಾಮೋಫೋನಿಗೆ ಆತುಕೊಂಡು ಕೂರುತ್ತಿದ್ದ. ಕಿವಿಗೆ ಅಂಗೈ ಹಿಡಿದು, "ಇನ್ನೊಮ್ಮೆ ಹಾಕ್ರಿ... ಈ ಸಾಲು ತಿಳೀಲಿಲ್ಲ... ಇನ್ನೊಮ್ಮೆ," ಎನ್ನುತ್ತಿದ್ದ. ಅವಳು ಕೀಲಿ ತಿರುಗಿಸುತ್ತಿದ್ದಳು. ಬಳೆ ಸದ್ದಾಗುತ್ತಿತ್ತು. ಹೊತ್ತು ಇಳಿಯುತ್ತಿತ್ತು.

ಅವನು ಹೋದ ಮೇಲೆ ಶಿವಬಸಮ್ಮ ಜೋಳದಿಂದ ಕಲ್ಲು ಆರಿಸಿ ಒಗೆದು ತೀರ್ಪು ಕೊಟ್ಟಳು.

"ಪಾಪ, ಹುಡುಗನ ಕಿವಿ ಮಂದ ಐತಿ."

ಬಸವಣ್ಣೆಮ್ಮ ಹಾಳೆ ಮಡಚುವುದನ್ನು ಅರ್ಧಕ್ಕೆ ಬಿಟ್ಟಳು. ಹೌದಲ್ಲ... ಕಿವಿ ಕೇಳದ ಮನುಷ್ಯ, ಕೇಳಿ ಬರೆಯುವ ಕೆಲಸ! ಮೂರು ಸಲ ಕರೆಸಿದ್ದಾಯಿತು. ಇನ್ನೊಂದು ಸಲ ಹನ್ನೊಂದಾದರೆ?

ಆಯಿತು. ನಾಲ್ಕನೆಯ ಹಾಳೆಯನ್ನು ಎರಡೆರಡು ಬಾರಿ ಎಣಿಸಿದಳು. ಹನ್ನೊಂದೇ.

ತನ್ನ ತಪ್ಪನ್ನೂ ಬೇರೆಯವರ ತಪ್ಪನ್ನೂ ಒಂದೇ ಕೆಂಪಿನಲ್ಲಿ ಗೀರುತ್ತಿದ್ದ ಹುಡುಗಿ ಅಂದು ಎರಡು ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟಳು. ಕೆಳಗೆ ಬರೆದಳು: 'ಒಂಬತ್ತು. ಬರುವ ಅಗತ್ಯವಿಲ್ಲ.'

ಅವನ ಕೆಲಸ ಉಳಿಯಿತು. ಅವನು ಬರುವುದು ನಿಂತಿತು. ಇವೆರಡೂ ಒಂದೇ ಸಾಲಿನಲ್ಲಿವೆ ಎಂಬುದು ಬರೆಯುವಾಗ ಅವಳಿಗೆ ಹೊಳೆದಿರಲಿಲ್ಲ.

ಅತ್ತ ಮಂಗಳೂರಿನಲ್ಲಿ ಈಶಪ್ಪ ಆ ಸಾಲನ್ನು ಎರಡೆರಡು ಸಲ ಓದಿದ. 'ಬರುವ ಅಗತ್ಯವಿಲ್ಲ...' ಎಷ್ಟು ಸಭ್ಯವಾಗಿ ಬಾಗಿಲು ಹಾಕಿದಳು!

ಮುಂದೆ ಅವನ ಹಾಳೆಗಳು ರಸೂಲಸಾಬನ ಕೈಯಲ್ಲೇ ಬಂದವು. ಒಂದೂ ತಪ್ಪಿಲ್ಲ. ಪಾಪ, ನೂರು ಸಲ ಹಾಕಿ ಕೇಳುತ್ತಾನೇನೋ ಎಂದುಕೊಂಡಳು ಬಸವಣ್ಣೆಮ್ಮ. ಚಳಿ ಹೋಗಿ ಬಿಸಿಲು ಬಂತು, ಬಿಸಿಲು ಹೋಗಿ ಮುಂಗಾರಿನ ಗಾಳಿ ಬೀಸಿತು. ಕೆಂಪು ಪೆನ್ಸಿಲಿನ ಮೊನೆ ಸವೆಯಲೇ ಇಲ್ಲ. ಬಾಗಿಲಾಚೆ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಅದು ಅಂಚೆಯವನದು!

'ತಪ್ಪು ಮಾಡ್ರಿ... ಒಂದಾದ್ರೂ ಮಾಡ್ರಿ...' ಎಂದು ಅಚ್ಚುಕಟ್ಟಾದ ಆ ಅಕ್ಷರಗಳನ್ನು ಬೇಡಿಕೊಳ್ಳುತ್ತಿದ್ದಳು. ಅಪ್ಪ ಕುಷ್ಟಗಿಯ ವರನ ಮಾತು ತೆಗೆದರೆ ತಲೆನೋವೆಂದು ಎದ್ದು ಹೋಗುತ್ತಿದ್ದಳು.

ಒಂದು ದಿನ ರಸೂಲಸಾಬ ಹೊಸ ಹಾಳೆ ಕೊಟ್ಟು ಹೇಳಿದ: "ಇದ ಕೊನೀದು ನೋಡವ್ವಾ. ಈಶಪ್ಪ ಹುಬ್ಬಳ್ಳಿಗೆ ಹೊಂಟಾನ. ಯಾವುದೋ ಪುಸ್ತಕ ಅಚ್ಚು ಹಾಕೋ ಛಾಪಖಾನ್ಯಾಗ ನೌಕರಿ ಅಂತ."

ಅವಳು ಮುಳ್ಳು ಇಳಿಸಿದಳು. ಹಾಡಿನ ನಡುವೆ ಹಾರ್ಮೋನಿಯಂ ಅಬ್ಬರಿಸುವ ಕಡೆ ಅವನು ಒಂದು ಸಾಲು ಹೆಚ್ಚಿಗೆ ಬರೆದಿದ್ದ. ಅಲ್ಲಿ ಸಾಲೇ ಇಲ್ಲವಲ್ಲ! ಮತ್ತೆ ಹಾಕಿದಳು. ಐದನೆಯ ಸಲಕ್ಕೆ ಪೆಟ್ಟಿಗೆಗೆ ಕಿವಿ ಹಚ್ಚಿದಾಗ, ವಾದ್ಯದ ಅಡಿಯಿಂದ ಉಸಿರಿನಷ್ಟು ಸಣ್ಣಗೆ ಆ ಸಾಲು ಕೇಳಿಸಿತು...

ತನಗೇ ಕೇಳದ್ದು ಕಿವಿ ಮಂದವಾದವನಿಗೆ ಹೇಗೆ ಕೇಳಿತು?

ಅವನು ನೋಡಿ ಮರಳಿಸಿದ್ದ ಹಳೆಯ ನಾಲ್ಕು ಹಾಳೆಗಳನ್ನು ಎಳೆದು ತೆಗೆದಳು. ಮೊದಲನೆಯದರಲ್ಲಿ ತಪ್ಪುಗಳು ಅಲ್ಲಲ್ಲಿ ಚೆಲ್ಲಿದ್ದವು. ಉಳಿದ ಮೂರರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಮೇಲಿನ ನಾಲ್ಕೇ ಸಾಲುಗಳಲ್ಲಿ! ಹನ್ನೊಂದು ತುಂಬುತ್ತಲೇ ಕೆಳಗಿನದೆಲ್ಲ ಕನ್ನಡಿಯಂತೆ ಸ್ವಚ್ಛ.

"ಅಯ್ಯೋ... ಕಿವುಡಿ ನಾನು!"

ಅಳುವೂ ನಗುವೂ ಒಟ್ಟಿಗೆ ಬಂದವು. ನಾಲ್ಕನೆಯ ಹಾಳೆಯ 'ಒಂಬತ್ತು' ಹೊಡೆದು 'ಹನ್ನೊಂದು' ಎಂದು ಬರೆದಳು. ಕೆಳಗೆ: 'ಮೊದಲು ಬರೆದದ್ದು ಸುಳ್ಳು. ಬರೆದವರು ಬಂದು ಮತ್ತೆ ಕೇಳಬೇಕು.' ರುಜು ಹಾಕಿ ರಸೂಲಸಾಬನಿಗೆ ಅದನ್ನು ಓದಿ ಹೇಳಿದಳು.

"ಹುಚ್ಚೀ! ಇದು ಮುಂಬಯಿಗೆ ಹೋದ್ರ ಅವನ ಹೆಸರೂ ಕೆಡತೈತಿ, ನಿನ್ನ ಕೆಲಸಾನೂ ಹೋಗ್ತೈತಿ. ಹರದು ಒಲಿಗೆ ಹಾಕು, ಯಾರ್ ಕೇಳ್ತಾರ?"

"ಹರದ್ರ ಅವ್ರು ಹೆಂಗ ಬರ್ತಾರ ಚಾಚಾ?"

ರಸೂಲಸಾಬ ಅವಳ ಮುಖವನ್ನೇ ನೋಡಿದ. ಉರ್ದು ಬಿಟ್ಟು ಬೇರೆ ಓದಲಾರದವನೂ ಅದನ್ನು ಓದಿಕೊಂಡ. "ತೋಬಾ..." ಎನ್ನುತ್ತ ಹಾಳೆಯನ್ನು ಜೇಬಿಗೆ ಇಳಿಸಿದ.

ಶುಕ್ರವಾರ ಮಧ್ಯಾಹ್ನ ಬಾಗಿಲಾಚೆ ನಿಂತ ಸೈಕಲ್ ಅಂಚೆಯವನದಾಗಿರಲಿಲ್ಲ.

ಈಶಪ್ಪ ಸೊರಗಿದ್ದ. ಶಿವಬಸಮ್ಮ ಕನಿಕರದಿಂದ ಅವನ ಕಿವಿಯ ಹತ್ತಿರ ಬಂದು ಒದರಿದಳು:

"ಆರಾಮ ಇದ್ದೀಯೇನಪಾ? ಕೇಳಸ್ತೈತೇನೂ?"

"ಛಲೋತ್ನಂಗ ಕೇಳಸ್ತೈತ್ರಿ ಅತ್ತೀ. ಒದರಬ್ಯಾಡ್ರಿ."

ಶಿವಬಸಮ್ಮ ಅವನನ್ನು ನೋಡಿದಳು. ತಲೆ ತಗ್ಗಿಸಿ ಕೆಂಪಾಗಿದ್ದ ಸೋದರ ಸೊಸೆಯನ್ನು ನೋಡಿದಳು. "ಅಯ್ಯ ಶಿವನೇ! ಹಿಂಗೈತೇನು?" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಪ್ಲೇಟು ತಿರುಗುತ್ತಿತ್ತು. ಇಬ್ಬರೂ ಕೇಳುತ್ತಿರಲಿಲ್ಲ.

"ಒಂಬತ್ತಂತ ಯಾಕ ಬರದ್ರಿ?"

"ನಾಕನೇ ಸಲ ಕರಸಿದ್ರ ನಿಮ್ಮ ಕೆಲಸ ಹೋಗ್ತಿತ್ತಲ್ರಿ!"

"ಹೋಗ್ಲಿ ಅಂತನ ತಪ್ಪು ಬರದಿದ್ನ್ಯಲ್ರಿ..." ಅವನ ದನಿ ತಗ್ಗಿತು. "ಇನ್ನೊಂದ ಸಲ ನಿಮ್ಮ ಎದುರಿಗೆ ಕುಂದರಾಕ ಆ ಕೆಲಸ ಹೋದ್ರೂ ನಡೀತಿತ್ತು. ನೀವು ಎರಡು ತಪ್ಪು ಬಿಟ್ರಿ. ಬರಬ್ಯಾಡ ಅಂದ್ರಿ ಅಂತ ತಿಳಕೊಂಡೆ."

"ನಾನು... ನಿಮ್ಮ ಕಿವಿ ಮಂದ ಅಂತ ತಿಳಕೊಂಡಿದ್ದೆ."

ಈಶಪ್ಪ ಎಷ್ಟು ನಕ್ಕನೆಂದರೆ ಒಳಗಿನಿಂದ ಶಿವಬಸಮ್ಮ ಕೆಮ್ಮಬೇಕಾಯಿತು.

"ಈಗ ಇಬ್ರ ಕೆಲಸಾನೂ ಹೋತು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

"ಹುಬ್ಬಳ್ಯಾಗ ನನಗೊಂದು ಐತಿ. ಆದ್ರ ಒಬ್ಬನ ಹೋಗಾಕ ಮನಸಿಲ್ಲ." ಅವನು ಪ್ಲೇಟಿನಿಂದ ಮುಳ್ಳು ಎತ್ತಿದ. "ನಮ್ಮವ್ವನ್ನ ಕರಕೊಂಡು ಬರ್ತೀನಿ, ನಿಮ್ಮಪ್ಪಾರನ್ನ ಕೇಳಾಕ. ನೀವು ಹೂಂ ಅಂದ್ರ."

"ಹೂಂ."

"ಸೋಮವಾರ ಬರ್ಲ್ಯಾ?"

"ಸೋಮವಾರ ಭಾಳ ದೂರ ಆತ್ರಿ."

"ಹಂಗಾರ ನಾಳಿ?"

ಬಸವಣ್ಣೆಮ್ಮ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನಾಳಿನೂ ದೂರನ... ಇರ್ಲಿ, ತಡಕೋತೀನಿ."